ಚಾಚಾ ಬರೆದ ಬಾಣ

ಯಾಕ ನಗ್ತೀರಿ, ಬಸವಪ್ರಸಾದ? ನಾನು ನಗುವಂಥಾದ್ದು ಏನೂ ಹೇಳಲಿಲ್ಲ. ರಾಯಚೂರಿನಾಗ ಕಟ್ಟಡದ ನಕಾಶಿ ಹಾಕೋ ಈ ಆಫೀಸು ತೆಗೆದವರು ನಾವಿಬ್ಬರು. ಬೋರ್ಡಿನ ಮ್ಯಾಲ ಮೊನ್ನೆ ಕೆಲಸಕ್ಕ ಸೇರಿದ ಆ ಸ್ವಪ್ನಾನ ಹೆಸರು ಯಾಕ ಅಂತ ಕೇಳಿದೆ. ಅದೂ ನನ್ನ ಹೆಸರಿನ ಪಕ್ಕಕ್ಕ... ಒಂದೇ ಅಳತಿಯ ಅಕ್ಷರದಾಗ.

ಗೊತ್ತದ, ಗೊತ್ತದ. ಹುಡುಗಿ ಶಾಣ್ಯಾಕಿ. ಮಾನ್ವಿಯ ಹಾಸ್ಟೆಲನ್ನ ಕಂಪ್ಯೂಟರಿನಾಗ ನೂರಾರು ಸಲ ಕಟ್ಟಿ ಕೆಡವ್ಯಾಳ. ಕಿಟಕಿ ಗೇಣು ಹಿಗ್ಗಿಸಿ ನೋಡು, ಗೋಡಿ ದಪ್ಪ ಮಾಡಿ ನೋಡು, ಕಿಟಕಿ ಮ್ಯಾಲಿನ ಸಜ್ಜಾ ಮುಂದಕ್ಕ ಚಾಚಿ ನೋಡು. ಪ್ರತಿ ಸಲ ಒಳಗ ಎಷ್ಟು ಸೆಕಿ, ಕರೆಂಟು ಎಷ್ಟು ಉಳೀತು ಅಂತ ಬಣ್ಣಬಣ್ಣದ ಗೆರಿ. ಕಡೀಕ ಏನಂದಳು? ದೊಡ್ಡ ಕಿಟಕಿ ಉತ್ತರಕ್ಕ ಇಡ್ರಿ, ಪಶ್ಚಿಮದ ಗೋಡಿ ಮುಚ್ಚಿರಿ. ಬ್ಯಾಸಗಿಯಾಗ ಎಲ್ಲಿ ಮಲಗಬೇಕಂತ ಗಬ್ಬೂರಿನ ಎಮ್ಮಿಗೂ ಗೊತ್ತದ.

ದೇವದುರ್ಗದ ಶಾಲಿ ಕಟ್ಟಿಸುವಾಗ ನಾನು ಬಿಸಿಲಾಗ ಕೊಡಿ ಹಿಡಕೊಂಡು ದಿನವೆಲ್ಲ ನೆರಳು ನೋಡಿದ್ದೆ. ‘ನಿಗಾರ್, ನಿಮ್ಮ ಕಣ್ಣೇ ಅಳತಿಪಟ್ಟಿ’ ಅಂದಿದ್ರಿ. ಅಂದಿದ್ರೋ ಇಲ್ಲೋ? ಈಗ ಅದೇ ಮಾತು ಆಕಿಗೆ. ಅದೇ ಮಾತು... ಹೊಸಾದರ ಹುಡುಕಬೇಕಿತ್ತು.

ಇರಲಿ, ಬರಸ್ರಿ ಬೋರ್ಡು. ಹಾಸ್ಟೆಲ್ ಎದ್ದ ಮ್ಯಾಲ ಒಂದು ಬ್ಯಾಸಗಿ ಬರಲಿ. ಆ ದೊಡ್ಡ ಕಿಟಕಿಯಿಂದ ಸಂಜಿ ಬಿಸಿಲು ನುಗ್ಗಿ ಹುಡುಗಿಯರ ಹಾಸಿಗಿ ಮ್ಯಾಲ ಬಿದ್ದಾಗ...

ಏನ್ರಿ? ಯಾಕ ಹಂಗ ನೋಡಾಕತ್ತೀರಿ?

ಹೌದು, ಉತ್ತರದ ಕಿಟಕಿ. ಉತ್ತರಕ್ಕ ಸಂಜಿ ಬಿಸಿಲು ಎಲ್ಲಿಂದ... ಬಾಯಿ ತಪ್ಪಿ ಬಂತು. ಆ ನಕಾಶಿ ಯಾಕ ಬಿಚ್ಚಾಕತ್ತೀರಿ? ಚಹಾ ಆರಾಕತ್ತದ.

ಆಯ್ತು. ಹಾಸ್ಟೆಲಿನ ಜಾಗ ಅಳದು ನಕಾಶಿ ಬರದು ಕೊಟ್ಟವರು ನಮ್ಮ ಸಲಾವುದ್ದೀನ್ ಚಾಚಾ. ಅವರು ಏನೇ ಬರೀಲಿ, ಕಿಬ್ಲಾ ಹಾಳಿಯ ಮ್ಯಾಲ್ತುದಿಗೆ ಇರಬೇಕು. ನಮಾಜಿಗೆ ಮುಖ ಮಾಡುವ ದಿಕ್ಕು ಹಾಳಿಯ ಪಕ್ಕಕ್ಕ ಸರೀಬಾರದು ಅಂತ. ನಕಾಶಿಯಾಗ ಅವರು ಬರೆದ ಆ ಬಾಣ ತೋರಿಸೋದು ಪಶ್ಚಿಮ. ಸ್ವಪ್ನಾ ಅದನ್ನ ಉತ್ತರ ಅಂತ ತಿಳಿದು ಕಂಪ್ಯೂಟರಿಗೆ ಕೊಟ್ಟಾಳ. ಆಕಿಯ ಉತ್ತರದ ಕಿಟಕಿ ಖರೇ ಪಶ್ಚಿಮಕ್ಕ ಬರ್ತದ. ಪಾಪ, ಆಕಿಗೆ ಹೆಂಗ ಗೊತ್ತಾಗಬೇಕು.

ನಿನಗ ಯಾವಾಗಿಂದ ಗೊತ್ತು ಅಂತ ಕೇಳ್ರಿ... ಕೇಳ್ರಿ ಅಂದೆ. ನಾಳಿ ಪಾಯಾಕ್ಕ ಗುರುತು ಹಾಕ್ತಾರ, ಇಷ್ಟು ದಿನ ಬಾಯಿ ಮುಚ್ಚಿಕೊಂಡು ಕೂತಿಯಲ್ಲ ಅಂತ ಬಯ್ರಿ.

ಫೋನ್ ನನ್ನ ಕೈಗ್ಯಾಕ?

...ಹಲೋ. ಸ್ವಪ್ನಾ? ನಾನು, ನಿಗಾರ್ ಮೇಡಂ. ಆ ನಕಾಶಿಯ ಮ್ಯಾಲ ಒಂದು ಬಾಣ ಅದ ನೋಡವ್ವಾ...