ಕೇಳದೆ ಮಾಡಿದ ಮಾಲೀಸು

ಪರದೇಶದ ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಕನ್ನಡ ಕೇಳಿಸಿತು. ಹೊಸದಾಗಿ ಕೆಲಸಕ್ಕೆ ಸೇರಿದ ಕ್ಷೌರಿಕನೊಬ್ಬ ತನ್ನ ಭಾವನಿಗೆ ಹೇಳುತ್ತಿದ್ದ.

“ಕಟಿಂಗ್ ಮುಗೀತು ಭಾವ. ಕೈ ಸುಮ್ನಿರ್ಲಿಲ್ಲ, ತಲೆಗೆ ಮಾಲೀಸು ಮಾಡ್ಬಿಟ್ಟೆ.”

“ಇಲ್ಲಿ ಕೇಳ್ದೆ ಮುಟ್ಬಾರ್ದು ಅಂತ ಬಡ್ಕೊಂಡಿದ್ನಲ್ಲೋ!”

“ಆ ವಯಸ್ಸಾದ ಗಿರಾಕಿ ಕುರ್ಚೀಲೇ ನಿದ್ದೆ ಹೋದ್ರು. ಕಾಯ್ತಿದ್ದೋರೂ ಮಾತು ನಿಲ್ಲಿಸಿದ್ರು. ಕಿಟಕಿ ಆಚೆ ಮೆತ್ತಗೆ ಮಂಜು ಬೀಳ್ತಿತ್ತು. ಯಾವ ಊರಲ್ಲಿದೀನಿ ಅನ್ನೋದೇ ಮರ್ತುಹೋಯ್ತು.”

“ಓನರು ನೋಡಿದ್ನಾ? ಕೆಲಸ ಹೋಯ್ತು ಬಿಡು.”

“ನೋಡಿದ್ರು. ನಾಳೆ ಅಂಗಡಿ ತೆಗೆಯೋಕೆ ಮುಂಚೇನೇ ಬಾ ಅಂದ್ರು.”

“ಯಾಕಂತೆ?”

“ಹೇಳ್ಲಿಲ್ಲ. ತಮ್ಮ ಬೋಳುತಲೆ ಮುಟ್ಟಿ ತೋರಿಸಿದ್ರು.”

ಭಾವ ನಕ್ಕ ನಗುವಿಗೆ ಡ್ರೈವರ್ ಕನ್ನಡಿಯಲ್ಲಿ ನೋಡಿದ.

“ಏಳೋ, ಸ್ಟಾಪ್ ಬಂತು. ನಾಳೆ ಎಣ್ಣೆ ಬಾಟ್ಲಿ ಮರೀಬೇಡ.”

ಇಬ್ಬರೂ ಮಂಜಿನೊಳಗೆ ಇಳಿದುಹೋದರು.