ಮ್ಯಾಚಿನ ಬಿಳಿ ಅಂಗಿ

ಎಪ್ಪತ್ತೊಂಬತ್ತರ ಜನವರಿ. ಹೊನ್ನಾವರದಲ್ಲಿ ಕುಮಟೆಯ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು ಖಾಲಿ ಮೀನುಬುಟ್ಟಿ ಇಟ್ಟುಕೊಂಡು ಕೂತಿದ್ದರು. ಚಿಕ್ಕವಳು ಮಾತು ತೆಗೆದಳು.

“ತಿಮ್ಮಕ್ಕ, ನಿಮ್ಮ ಮಗಳು ಮೋಹಿನಿ ಕಾಲೇಜಿನ ಬಾಸ್ಕೆಟ್‌ಬಾಲ್ ಟೀಮಲ್ಲಿ ಭಾರಿ ಆಡ್ತದಂತೆ? ನಿಮ್ಮನೆಯವ್ರು ದೋಣಿಲಿ ಎಲ್ಲರ ಹತ್ರನೂ ಹೇಳ್ತ್ರಂತೆ.”

“ಅವ್ರು ಹೇಳ್ತ್ರು. ಬಟ್ಟೆ ಒಗೆಯೂದು ನಾನು.”

“ಅಂದ್ರೆ ಎಂತ?”

“ಮ್ಯಾಚಿಗೆ ಅಂತ ಬಿಳಿ ಅಂಗಿ ಕೊಟ್ಟಿದ್ರು. ಭಟ್ಕಳಕ್ಕೆ ಹೋದ್ರೂ, ಕುಮಟೆಗೆ ಹೋದ್ರೂ ಹೋದ ಹಾಗೇ ವಾಪಸ್ ಬರ್ತಿತ್ತು. ಬೆವರಿನ ವಾಸ್ನೆನೂ ಇಲ್ಲ. ಆಡೂಕೆ ಬಿಡ್ದೆ ಕೂರ್ಸೇ ಇಟ್ಟಿದ್ರು.”

“ಮೋಹಿನಿ ಹೇಳ್ಲಿಲ್ವಾ?”

“ಇಲ್ಲ. ನಾನೂ ಕೇಳ್ಲಿಲ್ಲ. ಪ್ರತಿ ಸಲ ಒಗೆದು, ಒಣಗ್ಸಿ, ಮಡಚಿ ಕೊಡ್ತಿದ್ದೆ.”

“ಮೊನ್ನೆ ಕಾಲೇಜಿನ ಈ ವರ್ಷದ ಕಡೇ ಮ್ಯಾಚು ಆತಂತಲ್ಲ?”

“ಆತು. ಸೋತ್ರು.”

“ಅಯ್ಯೋ! ಮತ್ತೆ ನೀವು ನಗೂದು ಎಂತಕ್ಕೆ?”

ಬಸ್ಸು ಬಂತು. ತಿಮ್ಮಕ್ಕ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಎದ್ದಳು.

“ಎರಡು ಸಲ ಸಾಬೂನು ಹಚ್ಚಿ ತಿಕ್ಕಿದ್ರೂ ಅಂಗಿಯ ಕೆಂಪು ಮಣ್ಣು ಹೋಗ್ಲೇ ಇಲ್ಲ ಮಾರಾಯ್ತಿ.”