ಡ್ರಮ್ಮಿನ ಕಡೆಯಿಂದ ಬುಸ್ ಅಂದದ್ದು

"ಹಲೋ... ಯಾರು ಮಾತಾಡೋದು?... ಹಲೋ, ಯಾರು?... ಕೇಳುಸ್ತಾ ಇಲ್ಲ, ವಸಿ ಜೋರಾಗಿ ಹೇಳಿ..."

ಭೇರ್ಯದಲ್ಲಿ, ಬಾಗಿಲು ಮುಚ್ಚಿ ವರ್ಷಗಳಾಗಿದ್ದ ಒಂದು ಕುಲುಮೆಯ ಮುಂದೆ ಶಿವಶಂಕರ ಕುಕ್ಕರುಗಾಲಿನಲ್ಲಿ ಕೂತಿದ್ದ. ಎದುರಿಗೆ ಗೋಣಿತಾಟಿನ ಮೇಲೆ, ಕೈಯಲ್ಲಿ ತಿರುಗಿಸುವ ಹಳೆಯ ಕಾಲದ ಡ್ರಿಲ್ಲಿಂಗ್ ಮಷಿನ್ನು. ಅದರ ಹಲ್ಲುಚಕ್ರದ ತುಕ್ಕನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜುತ್ತಿದ್ದಾಗ ಜೇಬಿನ ಫೋನು ಬಡಿದುಕೊಂಡಿತ್ತು. ಗುರುತಿಲ್ಲದ ನಂಬರು.

"ಓ, ಪ್ರಮೀಳಾ... ಇದ್ಯಾರ ಫೋನು?... ಪಕ್ಕದ್ಮನೆ ಸುನಂದಮ್ಮಂದಾ. ನಿಂದೇನಾಯ್ತು?... ಚಾರ್ಜಿಲ್ವಾ, ಸರಿ. ಯಾಕಮ್ಮಿ ಅಂಗೆ ಏದುಸಿರು ಬುಡ್ತಿದ್ದೀ?... ಹಾವಾ? ಎಲ್ಲಿ?... ನಮ್ ಬ್ಯಾರನ್ ಒಳಗಾ?..."

ಹೆಂಡತಿ ಹೆದರಿದ್ದಳು. ಶಿವಶಂಕರನಿಗೆ ಇನ್ನೂ ಹೆದರಿಕೆ ಹುಟ್ಟಿರಲಿಲ್ಲ. ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆ ಕಡೆಗೆ ಹೋಗುವ ದಾರಿಯ ಅವನ ಊರಲ್ಲಿ ಹಾವು ಹೊಸದೇನಲ್ಲ. ಅಪ್ಪ ಹೊಗೆಸೊಪ್ಪು ಬೇಯಿಸಲು ಕಟ್ಟಿಸಿದ ಬ್ಯಾರನ್ನು, ಇವನು ಶುಂಠಿ ಬೆಳೆಯಲು ಶುರುಮಾಡಿದ ಮೇಲೆ ಖಾಲಿ ಬಿದ್ದಿತ್ತು. ಎತ್ತರದ ಗೋಡೆ, ಕಿಟಕಿಯಿಲ್ಲ, ಒಂದೇ ಬಾಗಿಲು, ಹಿಂದುಗಡೆ ಸೌದೆ ತುರುಕುವ ಒಲೆಬಾಯಿ. ಅದರೊಳಗೆ ಅವನು ಬಾಚಿ, ಉಳಿ, ಬೈರಿಗೆ, ಕಮ್ಮಾರರ ಅಡಿಗಲ್ಲು, ಕಾಲಲ್ಲಿ ತುಳಿಯುವ ಲೇತು, ಏನೇನೋ ತಂದು ಜೋಡಿಸಿದ್ದ. ಹುಣಸೂರಿನಿಂದ ಹೆಗ್ಗಡದೇವನಕೋಟೆಯವರೆಗೆ ಎಲ್ಲೇ ಒಂದು ಕುಲುಮೆ ಆರಿದರೂ, ಎಲ್ಲೇ ಒಂದು ವರ್ಕ್‌ಶಾಪು ಮುಚ್ಚಿದರೂ ಅಲ್ಲಿಗೆ ಇವನ ಗಾಡಿ ಹೋಗುತ್ತಿತ್ತು. ಊರವರು ಅದನ್ನು ಗುಜರಿ ಎನ್ನುತ್ತಿದ್ದರು. ಪ್ರಮೀಳಾಳೂ ಒಂದೊಂದು ಸಲ ಹಾಗೇ ಎನ್ನುತ್ತಿದ್ದಳು.

"ಕಣ್ಣಲ್ಲಿ ಕಂಡ್ಯಾ?... ಬರೀ ಬುಸ್ ಅನ್ನೋದು ಕೇಳಿದ್ದಾ? ಯಾವ ಮೂಲೇಲಿ?... ಓ, ಆ ತಗಡಿನ ಡ್ರಮ್ ಇಟ್ಟಿದ್ದೀನಲ್ಲ, ಅಲ್ಲಾ. ಇರಬೌದು ಬುಡು, ಮಳೆಗೆ ಬೆಚ್ಚಗೆ ಮಲ್ಗಿರ್ತದೆ... ನೀ ಬಾಗ್ಲತ್ರ ಹೋಗ್ಬ್ಯಾಡ, ಅಷ್ಟೇಯ... ಮಂಚಯ್ಯನ್ನ ಕರೀರಿ, ಹಿಡ್ಕೊಂಡೋಯ್ತಾನೆ... ಬಂದಾಯ್ತಾ? ಒಳಗೇ ಹೋದ್ನಾ? ಮತ್ತಿನ್ನೇನು, ಮುಗೀತು ಬುಡು..."

"ಹಾಂ?... ಎದುರುಮನೆ ಕಂಠಪ್ಪಣ್ಣ ಏನಂತಾರೆ?... ಮಂಚಯ್ಯಂಗೆ ಹಾವು ಕಾಣ್ತಿಲ್ವಂತಾ, ಅದ್ಕೇ ಹೊಗೆ ಹಾಕದಾ? ಒಲೆಬಾಯಿಂದಾ?... ಬ್ಯಾಡ ಬ್ಯಾಡ, ಹೇಳವರ್ಗೆ. ಹುಲ್ಲು, ಮೆಣಸಿನಕಾಯಿ ಹಾಕಿ ಹೊಗೆ ಎಬ್ಸುದ್ರೆ ಎಲ್ಲಾದ್ರ ಮೇಲೂ ಮಸಿ ಕೂತ್ಕತದೆ ಕಣಮ್ಮಿ. ಮೊನ್ನೆ ತಾನೇ ಎಣ್ಣೆ ಬಳ್ದಿವ್ನಿ... ನಗ್ತಿಲ್ಲ, ನಾ ಯಾಕೆ ನಗ್ಲಿ... ಸರಿ, ಹಾವು ಓಡ್ಲಿ ಅಂತ ಬೆಳ್ಳುಳ್ಳಿ ಜಜ್ಜಿ ಎಸೆದ್ರಲ್ಲ, ಅದೇ ಸಾಕು..."

"ವಾಸ್ನೆ ಬತ್ತದೆ ಅಂದ್ಯಲ್ಲ ಈಗ, ಬೆಳ್ಳುಳ್ಳಿ ವಾಸ್ನೆ ಅಂತ... ಅದ್ಕೇ ಕೇಳ್ದೆ, ಎಸೆದ್ರಾ ಅಂತ..."

"ಎಸೆದಿಲ್ವಾ?... ಯಾರೂ ಎಸೆದಿಲ್ವಾ?..."

ಶಿವಶಂಕರನ ಕೈಯಿಂದ ಸೀಮೆಎಣ್ಣೆ ಬಟ್ಟೆ ಜಾರಿತು. ಹೋದ ಬೇಸಗೆಯಲ್ಲಿ ಹುಣಸೂರಿನ ಹತ್ತಿರ ಒಂದು ಹಳೆಯ ವೆಲ್ಡಿಂಗ್ ಶೆಡ್ಡನ್ನು ಕೆಡವುವಾಗ ಅವನು ಅಲ್ಲಿದ್ದುದನ್ನೆಲ್ಲ ಒಟ್ಟಿಗೇ ಕೊಂಡು ತಂದಿದ್ದ. ಕರೆಂಟಿಲ್ಲದ ಕಾಲದಲ್ಲಿ ವೆಲ್ಡಿಂಗಿಗೆ ಗ್ಯಾಸು ಮಾಡಿಕೊಳ್ಳುತ್ತಿದ್ದ ಕಬ್ಬಿಣದ ಹಂಡೆಯ ಮೇಲೆ ಅವನಿಗೆ ಆಸೆ. ಜೊತೆಗೆ ಬಂದದ್ದು ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಆ ತಗಡಿನ ಡ್ರಮ್ಮು. ಒಳಗೆ ಜಲ್ಲಿಕಲ್ಲು ಅಲ್ಲಾಡಿದ ಹಾಗೆ ಸದ್ದಾಗುತ್ತಿತ್ತು. ನಟ್ಟು ಬೋಲ್ಟು ಇರಬೇಕೆಂದುಕೊಂಡು ಅವನು ತೆಗೆದು ನೋಡಿರಲಿಲ್ಲ.

ಅದು ನಟ್ಟು ಬೋಲ್ಟಲ್ಲ, ಕಲ್ಲೂ ಅಲ್ಲ.

"ಪ್ರಮೀಳಾ, ಕೇಳು. ಆ ಮೂಲೇಲಿ ಸೋರ್ತಾ ಅದಾ?... ಹೆಂಚು ಜರುಗೈತಾ? ನೀರು ಡ್ರಮ್ ಮೇಲೇ ಬೀಳ್ತದಾ?... ಅಯ್ಯೋ ಶಿವನೆ... ಹಾವಲ್ಲ ಕಣಮ್ಮಿ ಅದು. ಹಾವಲ್ಲ. ಹಾವೂ ಇಲ್ಲ, ಏನೂ ಇಲ್ಲ ಅಲ್ಲಿ... ಕಾರ್ಬೈಡು. ಬಾಳೆಕಾಯಿ ಹಣ್ಣು ಮಾಡಕೆ ಇಡ್ತಾರಲ್ಲ, ಅದೇಯ. ನೀರು ಬಿದ್ರೆ ಗ್ಯಾಸು ಬುಡ್ತದೆ, ಆ ಬೆಳ್ಳುಳ್ಳಿ ವಾಸ್ನೆ ಅದ್ರದೇಯ. ಬ್ಯಾರನ್ ತುಂಬ ಗ್ಯಾಸದೆ ಈಗ... ಕಂಠಪ್ಪಣ್ಣ ಎಲ್ಲವ್ರೆ?..."

"ಹುಲ್ಲು ಹಚ್ಚುದ್ರಾ?... ಹಚ್ಚುದ್ರಾ ಇಲ್ವಾ, ಅಷ್ಟು ಹೇಳು... ಕೂಗು. ಓಡೋಗಿ ಕೈ ಹಿಡ್ಕೊ. ಫೋನ್ ಕೊಡವರ್ಗೆ, ಕೊಡು, ಕೊಡು..."

ಅವನು ಎದ್ದು ನಿಂತಿದ್ದ. ಕುಲುಮೆಯ ಯಜಮಾನ ಚಾಮಯ್ಯ ಮಷಿನ್ನಿನ ಹಿಡಿ ಹಿಡಿದುಕೊಂಡು ಇವನ ಮುಖವನ್ನೇ ನೋಡುತ್ತಿದ್ದ. ಇಲ್ಲಿಂದ ಮನೆಗೆ ಒಂದೂವರೆ ಗಂಟೆಯ ದಾರಿ. ಬೆಂಕಿಕಡ್ಡಿ ಗೀರಲು ಎಷ್ಟು ಹೊತ್ತು ಬೇಕು?

"ಕಂಠಪ್ಪಣ್ಣ, ನಾನು ಶಿವಶಂಕರ... ಅಣ್ಣ, ಕಡ್ಡಿ ಗೀರ್ಬ್ಯಾಡಿ... ಕೇಳಿ ಇಲ್ಲಿ... ಅಲ್ಲಲ್ಲ, ಮಸಿ ಅಂತಲ್ಲ... ಸಾಮಾನಿಗೋಸ್ಕರ ಅಲ್ಲ ಅಂತೀನಿ..."

"ಏನಂದ್ರಿ?... ಕಬ್ಬಿಣದ ಮೇಲಿರೋ ಆಸೆ ಹೆಂಡ್ತಿ ಮೇಲಿಲ್ವಾ ಅಂತಾನಾ?... ಅನ್ನಿ. ಏನ್ ಬೇಕಾದ್ರೂ ಅನ್ನಿ. ಕಡ್ಡಿಪೊಟ್ಟಣ ಮಾತ್ರ ಎಸೀರಿ... ಜಾತ್ರೇಲಿ ಸಿಡ್ಸೋ ಗರ್ನಾಲು ಗೊತ್ತಲ್ಲಣ್ಣ, ಆ ಬ್ಯಾರನ್ನು ಈಗ ಒಂದು ಗರ್ನಾಲು. ನೀವು ನಿಂತಿರೋದು ಅದ್ರ ಬಾಯಲ್ಲಿ... ಸುಳ್ಳಲ್ಲ. ದೇವ್ರಾಣೆ ಸುಳ್ಳಲ್ಲ..."

"ನಾಳೆ ಗುಜರಿಯವರ್ನ ಕರ್ಸಿ ಎಲ್ಲಾ ತೂಕಕ್ಕಾಕ್ಬುಡಿ. ನಂಗೆ ಒಂದು ಮೊಳೆನೂ ಬ್ಯಾಡ. ನಿಮ್ ಕಾಲ್ಗೆ ಬೀಳ್ತೀನಿ ಕಣಣ್ಣ, ಬೆಂಕಿ ಬ್ಯಾಡ..."

ಆ ಕಡೆ ದೂರದಲ್ಲಿ ಒಂದು ನಾಯಿ ಬೊಗಳುವುದು, ಯಾರೋ ಹೆಂಗಸು ಕೂಗುವುದು ಕೇಳಿಸಿತು. ಕಂಠಪ್ಪ ಕಡ್ಡಿ ಗೀರುತ್ತಿದ್ದಾನೋ, ಎಸೆಯುತ್ತಿದ್ದಾನೋ ತಿಳಿಯುವ ಬಗೆ ಇರಲಿಲ್ಲ. ಶಿವಶಂಕರ ಕಣ್ಣು ಮುಚ್ಚಿಕೊಂಡ.

"...ಹಾಂ. ಹಾಂ, ಇವ್ನಿ... ಹುಲ್ಲೆಲ್ಲಾ ಈಚೆಗೆ ಎಳುದ್ರಾ? ಒಳ್ಳೇ ಕೆಲ್ಸ ಮಾಡುದ್ರಿ, ನಿಮ್ ಹೊಟ್ಟೆ ತಣ್ಣಗಿರ್ಲಿ... ನೀರಾ? ನೀರು ತರ್ಬ್ಯಾಡಿ. ಡ್ರಮ್ ಹತ್ರಕ್ಕೆ ಒಂದು ಹನಿ ನೀರೂ ಹೋಗ್ಕೂಡ್ದು, ಇನ್ನೂ ಜಾಸ್ತಿ ಆಯ್ತದೆ... ಮಂಚಯ್ಯ ಬಂದ್ನಾ ಈಚೆಗೆ?..."

"ಬಂದಿಲ್ವಾ?... ಕೂಗುದ್ರೆ ಓ ಅಂತಿಲ್ವಾ?... ಬಾಯಲ್ಲಿ ಬೀಡಿ ಇತ್ತಾ ಹೋಗುವಾಗ?... ನೆನಪ್ ಮಾಡ್ಕೊಂಡು ಹೇಳಿ... ಕಿವಿ ಸಂದೀಲಿ ಸಿಕ್ಕುಸ್ಕೊಂಡಿದ್ನಾ? ಹಚ್ಚಿರ್ಲಿಲ್ಲ ತಾನೆ?... ಅವ್ನಿಗೆ ತಲೆ ತಿರುಗಿರ್ತದೆ ಕಣಣ್ಣ, ಆ ಗಾಳಿ ಕುಡಿದ್ರೆ. ಬಾಗಿಲು ಪೂರ್ತಿ ತೆಗೀರಿ. ಸ್ವಿಚ್ಚು ಮುಟ್ಬ್ಯಾಡಿ. ಒಂದು ಹಗ್ಗ... ಯಾರಾದ್ರೂ ಮೂಗಿಗೆ ಬಟ್ಟೆ ಕಟ್ಕೊಂಡು... ಅಣ್ಣ, ಪ್ರಮೀಳಾನ ಹತ್ರ ಕರೀರಿ..."

"ಎಲ್ಲಿ?... ಎಲ್ಲೋದ್ಲು?..."

"ಒಳಗಾ?"

ಚಾಮಯ್ಯ ಹತ್ತಿರ ಬಂದು ಅವನ ತೋಳು ಹಿಡಿದ. ಮದುವೆಯಾದಾಗಿನಿಂದ ಹಲ್ಲಿಯನ್ನು ಕಂಡರೂ ಹೊರಗೆ ಓಡಿಬರುತ್ತಿದ್ದ ಹೆಂಗಸು ಪ್ರಮೀಳಾ. ಹಾವಿದೆ ಎಂಬ ಭಯಕ್ಕೇ ಬ್ಯಾರನ್ನಿನ ಬಾಗಿಲಿನಿಂದ ದೂರ ನಿಂತವಳು. ಹಾವಿಗಿಂತ ಕೆಟ್ಟದ್ದು ಒಳಗಿದೆ ಎಂದು ಗೊತ್ತಾದ ಮೇಲೆ ಹೋಗಿದ್ದಾಳೆ.

"ಯಾಕ್ ಬುಟ್ರಿ ಅವಳ್ನ... ನೀವೆಲ್ಲ ಇದ್ದೂ ಯಾಕ್ ಬುಟ್ರಿ... ಕಾಣುಸ್ತದಾ?... ಕೂಗಿ. ಹೆಸರಿಡಿದು ಕೂಗಿ... ಕೂಗ್ತಾನೇ ಇರಿ ಅಣ್ಣ, ನಿಲ್ಲುಸ್ಬ್ಯಾಡಿ... ಏನಾರ ಹೇಳಿ. ಸುಮ್ಕಿರ್ಬ್ಯಾಡಿ, ಏನಾರ ಒಂದು ಹೇಳಿ..."

ಕಂಠಪ್ಪ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲ ಕಡೆ ಹೋಗಿರಬೇಕು. ಗಾಳಿಯ ಸದ್ದು, ಕಾಲಸಪ್ಪಳ. ಕಬ್ಬಿಣದ್ದೇನೋ ಒಂದು ನೆಲಕ್ಕೆ ಬಿದ್ದ ಠಣ್ ಎಂಬ ಶಬ್ದ. ಕಬ್ಬಿಣಕ್ಕೆ ಕಬ್ಬಿಣ ತಾಗಿದರೆ ಕಿಡಿ. ಕಿಡಿ ಒಂದೇ ಸಾಕು. ಓಡಾಡಲು ಜಾಗವಿಲ್ಲದಂತೆ ಒಂದರ ಮೇಲೊಂದು ಪೇರಿಸಿದವನು ಅವನೇ. ಕತ್ತಲಲ್ಲಿ ಅವಳ ಸೆರಗು ಯಾವ ಹಿಡಿಗೆ ಸಿಕ್ಕಿಕೊಂಡಿತೋ, ಕಾಲು ಯಾವ ಅಡಿಗಲ್ಲಿಗೆ ಎಡವಿತೋ. ದಿನವೂ ಕೈಯಾಡಿಸಿ ಸವರುತ್ತಿದ್ದ ಒಂದೊಂದು ಸಾಮಾನೂ ಈಗ ಅವಳಿಗೆ ಅಡ್ಡ ನಿಂತಿರುವ ಹಾಗೆ ಅವನಿಗೆ ಕಂಡಿತು.

"ಹಲೋ... ಅಣ್ಣ... ಹಲೋ... ಯಾರಾದ್ರೂ ಇದ್ದೀರಾ?..."

"ಯಾರು?... ಪ್ರಮೀಳಾ?... ನೀನೇನಾ?... ಮಾತಾಡ್ಬ್ಯಾಡ, ಉಸಿರು ತಕ್ಕೊ ಮೊದ್ಲು... ತಕ್ಕೊ, ನಿಧಾನಕ್ಕೆ... ಮಂಚಯ್ಯ?... ಎಳ್ಕೊಂಡು ಬಂದ್ಯಾ? ಒಬ್ಳೇ?... ಉಸಿರಾಡ್ತಾವ್ನಾ?... ವಾಂತಿ ಮಾಡ್ಕತಾವ್ನಾ, ಮಾಡ್ಕೊಳ್ಳಿ, ಒಳ್ಳೇದು. ಗಾಳಿಗೆ ಮಲಗ್ಸಿ. ಯಾರ್ದಾದ್ರೂ ಆಟೋದಲ್ಲಿ ಪಿರಿಯಾಪಟ್ಟಣಕ್ಕೆ, ಆಸ್ಪತ್ರೆಗೆ, ಈಗ್ಲೇ..."

ಶಿವಶಂಕರ ಅಳುತ್ತಿದ್ದ. ಅಳುತ್ತಲೇ ಫೋನನ್ನು ಕಿವಿಯಿಂದ ಸ್ವಲ್ಪ ಸರಿಸಿದ.

"ಚಾಮಯ್ಯೋರೇ, ನಿಮ್ ಫೋನಿಂದ ಫೈರ್ ಇಂಜಿನ್ನಿಗೆ ಮಾಡ್ರಿ. ಕಾರ್ಬೈಡ್ ಗ್ಯಾಸು ಅನ್ನಿ... ಊರ ಹೆಸರು ನಾ ಹೇಳ್ತೀನಿ..."

"ಹಾಂ, ಪ್ರಮೀಳಾ, ಇಲ್ಲೇ ಇವ್ನಿ. ಎಲ್ಲಾರ್ನೂ ಕರ್ಕೊಂಡು ರಸ್ತೆಗೆ ಹೋಗು. ನಮ್ಮನೇಲಿ ಒಲೆ ಉರೀತಾ ಅದಾ?... ಇಲ್ಲ ತಾನೆ. ಸುನಂದಮ್ಮನ ಮನೇಲಿ?... ಯಾರೂ ಒಳಕ್ಕೋಗ್ಬ್ಯಾಡಿ. ಏನ್ ಬಿಟ್ಟು ಬಂದಿದ್ರೂ ಅಲ್ಲೇ ಇರ್ಲಿ... ಅಪ್ಪನ ಬಾಚಿನಾ? ಬಾಗ್ಲತ್ರಾನೇ ಅದಾ?... ಬ್ಯಾಡ. ಬ್ಯಾಡ ಕಣಮ್ಮಿ, ಇರ್ಲಿ, ಹಾಳಾಗೋಗ್ಲಿ. ನೀನು ರಸ್ತೆಗೆ ನಡಿ..."

ಆಮೇಲೂ ಫೋನನ್ನು ಇಬ್ಬರೂ ಇಡಲಿಲ್ಲ. ಅವಳ ಉಸಿರು ಕೇಳುತ್ತ ಅವನು ಕುಲುಮೆಯ ಮುಂದೆ ಅತ್ತಿಂದಿತ್ತ ನಡೆದಾಡಿದ. ಆಗಾಗ "ಇದ್ದೀಯಾ?" ಎಂದು ಕೇಳಿದ. ಅವಳು ಹೂಂ ಅಂದಾಗಲೆಲ್ಲ ಮತ್ತೆ ನಡೆದ. ಚಾಮಯ್ಯ ತಂದುಕೊಟ್ಟ ನೀರು ಲೋಟದಲ್ಲೇ ಇತ್ತು. ಕೊನೆಗೆ ಆ ಕಡೆ ಗಂಟೆಯ ಸದ್ದು, ಗಾಡಿಯ ಸದ್ದು.

"ಬಂದ್ರಾ?... ಕೊಡು ಅವರ್ಗೆ... ಹಲೋ, ನಮಸ್ಕಾರ ಸಾರ್. ಹೌದು, ನಂದೇ. ತಗಡಿನ ಡ್ರಮ್ಮು, ಬಾಗಿಲಿಂದ ಒಳಗೆ ಬಲಗಡೆ ಮೂಲೆ... ಹೆಂಚು ಸೋರಿ ನೀರು ಬೀಳ್ತಾ ಅದೆ ಸಾರ್... ಹೌದು, ಒಣಮರಳು ಹಾಕಿ... ಮುಂದುಗಡೆ ಬಯಲದೆ, ಅಲ್ಲಿಗೆ ತಂದಿಡಿ. ಹುಷಾರು ಸಾರ್, ನೆಲ ಎಲ್ಲಾ ಕಬ್ಬಿಣ, ಎಡವ್ತೀರಿ..."

"...ಹಾಂ, ಪ್ರಮೀಳಾ. ಏನ್ ಮಾಡ್ತಾವ್ರೆ?... ಇಬ್ರು ಹೋದ್ರಾ?... ಮತ್ತೆ?... ತಂದ್ರಾ ಈಚೆಗೆ? ಬಯಲಿಗಿಟ್ರಾ?... ಇನ್ನೂ ಬುಸ್ ಅಂತಾ ಅದಾ... ಅಲ್ಲಿ ಅಂದ್ರೆ ಅಂದ್ಕೊಳ್ಳಿ ಬುಡು... ಮುಗೀತು ಕಣಮ್ಮಿ. ಮುಗೀತು..."

ಅವನು ಕುಲುಮೆಯ ಕಟ್ಟೆಯ ಮೇಲೆ ಕುಸಿದು ಕೂತ. ನಗಬೇಕೆನಿಸಿತು, ಆಗಲಿಲ್ಲ. ಅವಳು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

"ಯಾಕ್ ಸುಮ್ಮಗಿದ್ದೀ?... ಬೈಯಿ ಬೇಕಾದ್ರೆ... ನಡುಕ ಬಂತಾ ಈಗ? ಕೂತ್ಕೊ ಎಲ್ಲಾದ್ರೂ. ನಾ ಹೊಂಟೆ, ಗಾಡಿ ತಿರುಗುಸ್ತೀನಿ ಈಗ್ಲೇಯ. ಈ ಮಷಿನ್ನೂ ತತ್ತಿಲ್ಲ, ಬರೀ ಕೈಲಿ ಬತ್ತೀನಿ..."

"ಏನು?... ಇನ್ನೊಂದ್ಸಲ ಹೇಳು... ಆ ಸಾರ್ ಕೇಳ್ತಾವ್ರಾ, ನೀನು ಕೇಳ್ತಾ ಇದ್ದೀಯಾ?..."

"ಒಳಗೆ ಇನ್ನೇನೇನು ಅದೆ ಅಂತಾನಾ..."

ಅವನು ಹೇಳಲು ಬಾಯಿ ತೆರೆದ. ಬಾಗಿಲಿಂದ ಶುರುಮಾಡಿ ಒಂದೊಂದೇ ಗೋಡೆಯನ್ನು ಮನಸ್ಸಿನಲ್ಲೇ ನೋಡುತ್ತ ಬಂದ. ಲೇತಿನ ಕೆಳಗೆ ಬೀಗ ಹಾಕಿದ ಎರಡು ಮರದ ಪೆಟ್ಟಿಗೆ. ಅಟ್ಟದ ಮೇಲೆ ಮುಚ್ಚಳ ಬೆಸುಗೆ ಹಾಕಿದ ಡಬ್ಬಗಳು. ಹೆಗ್ಗಡದೇವನಕೋಟೆ ಕಡೆ ಮದ್ದಿಟ್ಟು ಕಲ್ಲು ಒಡೆಯುವವರ ಹಳೇ ಶೆಡ್ಡಿನಿಂದ, ಸುತ್ತಿಗೆ ಚಾಣಗಳ ಜೊತೆ ಮೂಟೆಯಲ್ಲೇ ಎತ್ತಿ ತಂದು, ಮೂಟೆಯಲ್ಲೇ ಬಿಟ್ಟದ್ದು.

"ತಾಳು, ಹೇಳ್ತೀನಿ... ಒಂದು ಪೆಟ್ಟಿಗೆ ಅದೆ... ಅದ್ರಲ್ಲಿ... ಪ್ರಮೀಳಾ, ಯಾರ್ನೂ ಒಳಕ್ ಬುಡ್ಬ್ಯಾಡ. ಆ ಸಾರ್‌ಗೂ ಹೇಳು, ಮತ್ತೆ ಹೋಗ್ಬ್ಯಾಡಿ ಅಂತ... ನಂಗೊತ್ತಿಲ್ಲ ಕಣಮ್ಮಿ. ಏನೇನ್ ತಂದಿಟ್ಟಿವ್ನೋ ನಂಗೇ ಗೊತ್ತಿಲ್ಲ... ಕೇಳುಸ್ತಾ?... ಹಲೋ... ಒಳಕ್ ಹೋಗ್ಬ್ಯಾಡಿ ಅನ್ನು... ಹಲೋ, ಪ್ರಮೀಳಾ..."

ಲೈನು ಕಡಿದಿತ್ತು.